ನೆಸ್‌ನಲ್ಲಿ ಒಂದು ಭಾನುವಾರ

ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಉತ್ತರದ ತುದಿಗೆ ನೆಸ್ ಅಂತ ಒಂದು ಸೀಮೆ. ಅದರ ಕೊನೆಯಲ್ಲಿ ದೀಪಸ್ತಂಭ, ಅಲ್ಲಿಂದಾಚೆಗೆ ಬರೀ ಅಟ್ಲಾಂಟಿಕ್. ಉಲ್ಲಾಪೂಲ್‌ನಲ್ಲಿ ಹಡಗು ಹತ್ತಿ ಸ್ಟೋರ್ನೋವೇಯಲ್ಲಿ ಇಳಿದು, ಜವುಗು ಬಯಲಿನ ನಡುವೆ ಬಸ್ಸಿನಲ್ಲಿ ಸಾಗಿ ನಾನೂ ನಮ್ಮ ಯಜಮಾನರೂ ಅಲ್ಲಿ ಮುಟ್ಟಿದಾಗ ಅಕ್ಟೋಬರ್ ತಿಂಗಳ ಶನಿವಾರದ ಸಂಜೆ. ಗಾಳಿ ಆಗಲೇ ಎದ್ದಿತ್ತು.

ಇಳಿದುಕೊಂಡದ್ದು ಬಿ ಅಂಡ್ ಬಿಯಲ್ಲಿ. ವಯಸ್ಸಾದ ಗಂಡ ಹೆಂಡತಿ ಇಬ್ಬರೇ ಇರುವ ಮನೆ. ಮಾಡಿನ ಕೆಳಗಿನ ಕೋಣೆ ಅತಿಥಿಗಳಿಗೆ, ಬೆಳಗಿನ ತಿಂಡಿ ಅವರದೇ ಅಡುಗೆಮನೆಯ ಮೇಜಿನಲ್ಲಿ. ರಕ್ತ ಸೇರಿಸಿ ಮಾಡುವ ಬ್ಲ್ಯಾಕ್ ಪುಡ್ಡಿಂಗ್‌ಗೆ ಸ್ಟೋರ್ನೋವೇ ಹೆಸರುವಾಸಿ. ನಾವು ಮಾಂಸ ಮುಟ್ಟುವವರಲ್ಲ ಎಂದು ತಿಳಿದು ಆ ತಾಯಿ ಬೇರೆ ಪಾತ್ರೆಯಲ್ಲಿ ಓಟ್ಸ್ ಗಂಜಿ ಕಾಯಿಸಿದರು. ಬೇರೆ ಪಾತ್ರೆ ಎಂದು ನಾವು ಕೇಳಿರಲಿಲ್ಲ.

ಹಿತ್ತಿಲ ಶೆಡ್ಡಿನಲ್ಲಿ ಗಂಡನ ಮಗ್ಗ. ಹ್ಯಾರಿಸ್ ಟ್ವೀಡ್ ಎಂಬ ಹೆಸರಲ್ಲಿ ಮಾರುವ ಬಟ್ಟೆಯನ್ನು ಈ ದ್ವೀಪಸಾಲಿನವರು ತಮ್ಮ ಮನೆಯಲ್ಲೇ, ಕೈಕಾಲಿನ ಶಕ್ತಿಯಿಂದಲೇ ನೇಯಬೇಕು. 1993ರಲ್ಲಿ ಅದಕ್ಕೊಂದು ಕಾಯಿದೆಯೇ ಆಗಿದೆ. ಶನಿವಾರ ರಾತ್ರಿ ನಿಂತ ಆ ಮಗ್ಗ ಸೋಮವಾರದವರೆಗೆ ಸದ್ದು ಮಾಡಲಿಲ್ಲ. ಭಾನುವಾರ ಅಲ್ಲಿ ದೇವರ ದಿನ. ಹಗ್ಗದ ಮೇಲೆ ಒಗೆದ ಬಟ್ಟೆ ಕೂಡ ಹರವುವುದಿಲ್ಲ.

ಆ ಭಾನುವಾರ ಗಾಳಿಗೆ ಕಿಟಕಿ ನಡುಗುತ್ತಿತ್ತು. ಸಂಜೆ ಚರ್ಚಿನಿಂದ ಬಂದವರು ನಮ್ಮನ್ನು ಬೆಂಕಿಯ ಹತ್ತಿರ ಕರೆದು ಕೂರಿಸಿದರು. ಉರಿಯುತ್ತಿದ್ದದ್ದು ಪೀಟ್. ಜವುಗು ನೆಲವನ್ನು ಬೇಸಗೆಯ ಮೊದಲಲ್ಲಿ ಹೆಂಟೆ ಹೆಂಟೆಯಾಗಿ ಕಡಿದು, ಗಾಳಿಗೆ ಒಣಗಿಸಿ, ಮನೆಯ ಪಕ್ಕ ಒಟ್ಟಿಟ್ಟುಕೊಳ್ಳುತ್ತಾರೆ. ಜ್ವಾಲೆ ಕಡಿಮೆ, ಕಾವು ಹೆಚ್ಚು. ಅದರ ಹೊಗೆಯ ವಾಸನೆ ನನಗೆ ಬಹಳ ಹಿಡಿಸಿತು. ಇಂಥ ಗಾಳಿಯಲ್ಲಿ ಹಡಗು ಬಿಡುತ್ತಾರೆಯೇ ಎಂದು ನಮ್ಮ ಯಜಮಾನರು ಕೇಳಿದರು. ಮಾತು ಹಾಗೆ ಅಯೊಲೇರ್ ಹಡಗಿಗೆ ಬಂತು.

ಮೊದಲ ಮಹಾಯುದ್ಧಕ್ಕೆ ಹೋದ ಲೂಯಿಸ್‌ನ ಗಂಡಸರಲ್ಲಿ ಸುಮಾರು ಒಂದು ಸಾವಿರ ಮಂದಿ ಸತ್ತರು. 1918ರ ನವೆಂಬರಿನಲ್ಲಿ ಯುದ್ಧ ನಿಂತಿತು. ಬದುಕುಳಿದ ನೌಕಾಪಡೆಯವರು ಹೊಸ ವರ್ಷಕ್ಕೆ ಮನೆಗೆಂದು ಡಿಸೆಂಬರ್ 31ರ ಸಂಜೆ ಕೈಲ್ ಬಂದರಿನಲ್ಲಿ ಅಯೊಲೇರ್ ಹತ್ತಿದರು. ಸಿಬ್ಬಂದಿಯೂ ಸೇರಿ ಹಡಗಿನಲ್ಲಿ ಸುಮಾರು 280 ಮಂದಿ. ರಾತ್ರಿ ಎರಡರ ಹೊತ್ತಿಗೆ, ಸ್ಟೋರ್ನೋವೇಯ ದೀಪಗಳು ಕಾಣುತ್ತಿದ್ದಾಗಲೇ, ಹಡಗು ಹೋಮ್ ಬಂಡೆಗಳಿಗೆ ಬಡಿಯಿತು. ದಡ ಕೆಲವೇ ಗಜ ದೂರ. ಆದರೂ 201 ಮಂದಿ ಹೋದರು. ನೆಸ್‌ನವನೇ ಆದ ಜಾನ್ ಎಫ್. ಮಕ್ಲೌಡ್ ಎಂಬಾತ ಹಗ್ಗ ಹಿಡಿದು ಈಜಿ ದಡ ಮುಟ್ಟಿದ. ಆ ಹಗ್ಗ ಹಿಡಿದೇ ಸುಮಾರು 40 ಮಂದಿ ಬದುಕಿ ಬಂದರು. ಇನ್ನೊಬ್ಬ, ಡೊನಾಲ್ಡ್ ಮಾರಿಸನ್, ಬೆಳಗಾಗುವವರೆಗೂ ಹಡಗಿನ ಕಂಬಕ್ಕೆ ಅಂಟಿಕೊಂಡೇ ಇದ್ದ.

ಆ ತಾಯಿಯ ಅಜ್ಜಿಗೆ ಆಗ ಹತ್ತು ವರ್ಷವಂತೆ. ಅಣ್ಣ ಬರುತ್ತಾನೆಂದು ಮನೆಯವರು ಪೀಟ್ ಪೇರಿಸಿ ಬೆಂಕಿ ದೊಡ್ಡದು ಮಾಡಿ, ಅವನ ಒಣ ಬಟ್ಟೆಗಳನ್ನು ಅದರೆದುರು ಹರವಿ ಬೆಚ್ಚಗಿಟ್ಟು ಕಾದಿದ್ದರು. ಬೆಳಗ್ಗೆ ಸುದ್ದಿ ಬಂತು, ಆಮೇಲೆ ಗಾಡಿಗಳು ಬಂದವು. ನಾಲ್ಕು ವರ್ಷದ ಯುದ್ಧವೇ ಕೊಲ್ಲದವರನ್ನು ಊರ ಬಾಗಿಲಲ್ಲಿ ಕಳೆದುಕೊಳ್ಳುವುದೆಂದರೆ! ನನಗೆ ಅಳು ತಡೆಯಲಾಗಲಿಲ್ಲ. ದ್ವೀಪದ ಎಷ್ಟೋ ಮನೆಗಳಲ್ಲಿ ದಶಕಗಳ ಕಾಲ ಯಾರೂ ಆ ಮಾತೇ ಎತ್ತಲಿಲ್ಲ. "ಅಜ್ಜಿ ನನಗೆ ಹೇಳಿದ್ದು ಒಂದೇ ಸಲ, ಅದೂ ಬಟ್ಟೆಯ ವಿಷಯ ಮಾತ್ರ. ಉಳಿದದ್ದೆಲ್ಲ ನಾನು ಪುಸ್ತಕ ಓದಿ ತಿಳಿದುಕೊಂಡೆ," ಎಂದರು.

ಮಲಗುವ ಮುಂಚೆ ಆಕೆ ಕೆಂಡದ ಮೇಲೆ ಬೂದಿ ಎಳೆದರು. ನಮ್ಮಜ್ಜಿಯೂ ಬೆಳಗಿನ ಒಲೆಗೆಂದು ರಾತ್ರಿ ಹೀಗೆಯೇ ಕೆಂಡ ಮುಚ್ಚಿಡುತ್ತಿದ್ದರು ಎಂದೆ. ಅದನ್ನು ಕೇಳಿ ಆಕೆಗಾದ ಖುಷಿ ಹೇಳತೀರದು. ಯಾವ ಒಲೆ, ಯಾವ ಸೌದೆ, ಬೂದಿ ಎಷ್ಟು ದಪ್ಪ ಎಂದು ಕೇಳಿದ್ದೇ ಕೇಳಿದ್ದು.

ಸೋಮವಾರ ಗಾಳಿ ತಗ್ಗಿತು. ಬಸ್ಸಿಗೆ ಬಿಡದೆ ಗಂಡನೇ ಕಾರಿನಲ್ಲಿ ಹೊರಡಿಸಿ, ದಾರಿ ಬಿಟ್ಟು ಹೋಮ್ ಕಡೆಗೆ ಕರೆದೊಯ್ದರು. ಅಲ್ಲೊಂದು ಸ್ಮಾರಕ, ನೀರಿನಲ್ಲಿ ಬಂಡೆಯ ಗುರುತಿಗೆ ಒಂದು ಕಂಬ. ಹೊಳೆದಂಡೆಯಲ್ಲಿ ಬೆಳೆದ ನಮ್ಮ ಯಜಮಾನರು ದಡಕ್ಕೂ ಕಂಬಕ್ಕೂ ನಡುವಿನ ನೀರನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬಂದರಿಗೆ ಹೋದೆವು. ಪೆಟ್ರೋಲಿನ ದುಡ್ಡನ್ನು ಆ ಹಿರಿಯರು ಮುಟ್ಟಲಿಲ್ಲ. ಹೆಂಡತಿ ಕಟ್ಟಿಕೊಟ್ಟಿದ್ದ ಬುತ್ತಿಯನ್ನು ನನ್ನ ಕೈಗಿಟ್ಟು, ಇದರಲ್ಲೂ ಮಾಂಸವಿಲ್ಲ, ಧೈರ್ಯವಾಗಿ ತಿನ್ನಿ ಎಂದರು.