ಕಲ್ಯಾಣದ ಹಾದಿಯಲ್ಲಿ ಕೇಳಿದ ಹಳೆಯ ಹಾಡುಗಳು

ನಮ್ಮ ಬದಲಾಪುರಕ್ಕೆ ಆ ಹೆಸರು ಬಂದುದು ಹೇಗೆಂದು ಇಲ್ಲಿಯ ಹಳಬರನ್ನು ಕೇಳಿದರೆ ಎಲ್ಲರೂ ಒಂದೇ ಕಥೆ ಹೇಳುತ್ತಾರೆ. ಶಿವಾಜಿ ಮಹಾರಾಜರ ಕಾಲದಲ್ಲಿ ಸೂರತ್ತಿನ ಕಡೆಗೆ ಹೋಗಿಬರುವ ಸವಾರರು ಉಲ್ಹಾಸ ನದಿಯ ಈ ದಂಡೆಯಲ್ಲಿ ಕುದುರೆಗಳನ್ನು ಬದಲಿಸುತ್ತಿದ್ದರಂತೆ. ಹಾಗಾಗಿ ಊರು ಬದಲಾಪುರವಾಯಿತಂತೆ. ಕಥೆ ಎಷ್ಟು ನಿಜವೋ, ಹೆಸರಂತೂ ನಮಗೆ ಒಪ್ಪುತ್ತದೆ. ಕುದುರೆಗಳ ಕಾಲ ಹೋಯಿತು. ಈಗ ಇಲ್ಲಿಯ ಜನ ದಿನಕ್ಕೆ ನಾಲ್ಕು ಸಲ ಮಾತನ್ನು ಬದಲಿಸುತ್ತಾರೆ. ತರಕಾರಿಯವಳೊಡನೆ ಮರಾಠಿ, ಲೋಕಲ್ ಗಾಡಿಯಲ್ಲಿ ಹಿಂದಿ, ಕಚೇರಿಯ ಕಡತದಲ್ಲಿ ಇಂಗ್ಲಿಷು, ರಾತ್ರಿ ಮನೆ ಸೇರಿ ಚಪ್ಪಲಿ ಬಿಟ್ಟ ಮೇಲೆ ಕನ್ನಡ. ಇಷ್ಟೆಲ್ಲ ಬದಲಿಸಿದರೂ ದೇವರ ಮುಂದೆ ಹಾಡುವ ಮಾತನ್ನು ಮಾತ್ರ ಮನುಷ್ಯ ಸುಲಭಕ್ಕೆ ಬದಲಿಸುವುದಿಲ್ಲ.

ಈ ವಿಚಾರ ನಮ್ಮ ತಲೆಗೆ ಹೊಕ್ಕದ್ದು ಕಚೇರಿಯ ಮಲಯಾಳಿ ಮಿತ್ರರೊಬ್ಬರಿಂದ. ಅವರು ಕೆಥೋಲಿಕ ಕ್ರೈಸ್ತರು. ತಮ್ಮ ಇಗರ್ಜಿಗಳಲ್ಲಿ ಅರುವತ್ತು ವರ್ಷಗಳ ಹಿಂದೆ ಹಳೆಯ ಹಾಡುಗಳು ಹಿಂದೆ ಸರಿದವೆಂದೂ ಈಗ ಕೆಲವರು ಅವನ್ನು ಮರಳಿ ತರಲು ಹೆಣಗುತ್ತಿದ್ದಾರೆಂದೂ ಅವರು ಹೇಳಿದಾಗ, ನಮಗೆ ನಮ್ಮ ಸಂಘದ ಶನಿವಾರದ ಭಜನೆ ನೆನಪಾಯಿತು. ಅಲ್ಲಿಯೂ ಇದೇ ಚರ್ಚೆ ಇದೆಯಲ್ಲವೆ? ಮಕ್ಕಳಿಗೆ ತಿಳಿಯದ ಹಳೆಯ ಪದ ಹಾಡಬೇಕೋ, ಅವರಿಗೆ ತಿಳಿಯುವ ಹೊಸದನ್ನು ಹಾಡಬೇಕೋ? ನೆರೆಯವರು ಏನು ಮಾಡಿದ್ದಾರೆಂದು ನೋಡಿಬರಲು, ನಾವು ಮನೆಮಂದಿಯೆಲ್ಲ ಕೆಲವು ಭಾನುವಾರಗಳನ್ನು ಇದಕ್ಕಾಗಿಯೇ ಇಟ್ಟುಕೊಂಡೆವು.

ಮೊದಲ ಪಯಣ ಕಲ್ಯಾಣಕ್ಕೆ. ಬದಲಾಪುರದಿಂದ ಸುಮಾರು ೧೫ ಕಿಲೋಮೀಟರು. ನಡುವೆ ಅಂಬರನಾಥ, ಉಲ್ಹಾಸನಗರ, ವಿಠ್ಠಲವಾಡಿ. ಅಂಬರನಾಥದಲ್ಲಿ ೧೦೬೦ರ ಶಿಲಾಹಾರರ ಶಿವಾಲಯವಿದೆ. ಅದರ ಮಾತು ಇನ್ನೊಮ್ಮೆ ಆದೀತು. ಕಲ್ಯಾಣವೆಂದರೆ ನಮ್ಮ ಪಾಲಿಗೆ ಗಾಡಿ ಬದಲಿಸುವ ನಿಲ್ದಾಣ, ನೂಕುನುಗ್ಗಲು. ಆದರೆ ಆರನೆಯ ಶತಮಾನದಲ್ಲಿಯೇ ಕಾಸ್ಮಸ್ ಎಂಬ ಅಲೆಕ್ಸಾಂಡ್ರಿಯದ ವರ್ತಕನು ‘ಕಲ್ಲಿಯಾನ’ ಎಂಬ ಊರಿನ ಕ್ರೈಸ್ತರ ವಿಷಯವನ್ನು ಬರೆದಿಟ್ಟಿದ್ದಾನೆ. ಅಲ್ಲಿಯ ಬಿಷಪರು ಪರ್ಷಿಯಾದಿಂದ ನೇಮಕವಾಗಿ ಬರುತ್ತಿದ್ದರಂತೆ. ಆ ಕಲ್ಲಿಯಾನ ಈ ಕಲ್ಯಾಣವೇ ಎಂದು ಹಲವು ವಿದ್ವಾಂಸರು. ಇಲ್ಲ, ಅದು ನಮ್ಮ ಉಡುಪಿಯ ಹತ್ತಿರದ ಕಲ್ಯಾಣಪುರ ಎಂದು ಕೆಲವರು. ಉಡುಪಿಯ ಕಡೆಯ ನಮ್ಮ ವಾಚಕರು ಯಾವ ಪಕ್ಷ ಹಿಡಿಯುವರೆಂಬುದನ್ನು ನಾವು ಬಲ್ಲೆವು!

ಪರ್ಷಿಯಾದ ಆ ಸಂಬಂಧದಿಂದ ಬಂದ ಪ್ರಾರ್ಥನೆಯ ಭಾಷೆ ಸುರಿಯಾನಿ. ಅದು ಏಸುಕ್ರಿಸ್ತನು ಆಡುತ್ತಿದ್ದ ಅರಮಾಯಿಕ್ ಭಾಷೆಯದೇ ಒಂದು ರೂಪ. ಕೇರಳದ ಸೀರೋ ಮಲಬಾರ್ ಸಭೆಯವರು ಶತಮಾನಗಳ ಕಾಲ ಅದರಲ್ಲಿಯೇ ಬಲಿಪೂಜೆಯನ್ನು ಹಾಡಿದರು. ೧೯೬೨ರ ಜುಲೈ ೩ರಂದು, ಸಂತ ತೋಮಸರ ಹಬ್ಬದ ದಿನ, ಪೂಜೆ ಮಲಯಾಳಕ್ಕೆ ತಿರುಗಿತು. ಜನರಿಗೆ ಅರ್ಥ ತಿಳಿಯಿತು; ಅದೊಂದು ದೊಡ್ಡ ಲಾಭ. ಕೆಲವು ಹಳೆಯ ಧಾಟಿಗಳು ಮಲಯಾಳದ ಮಾತನ್ನು ಹೊತ್ತುಕೊಂಡು ಉಳಿದವು; ಉಳಿದವೆಷ್ಟೋ ಹಾಡುಗಳು ಹಾಡುವವರಿಲ್ಲದೆ ಮೌನವಾದವು. ಹೊಟ್ಟೆಪಾಡಿಗೆ ಮಹಾರಾಷ್ಟ್ರಕ್ಕೆ ಬಂದ ಈ ಸಭೆಯವರಿಗಾಗಿ ೧೯೮೮ರಲ್ಲಿ ಕಲ್ಯಾಣದಲ್ಲಿಯೇ ಬಿಷಪರ ಪೀಠ ಸ್ಥಾಪನೆಯಾಯಿತು. ಹಳೆಯ ಕಲ್ಲಿಯಾನದ ಹೆಸರು ಹೀಗೆ ಮತ್ತೆ ಜೀವ ತಳೆಯಿತು.

ನಾವು ಹೋದದ್ದು ಆ ಊರಿನ ಒಂದು ಸಾಧಾರಣ ಇಗರ್ಜಿಗೆ. ಪೂಜೆಯ ಬಹುಪಾಲು ಹಾಡಾಗಿಯೇ ಸಾಗಿತು. ಪಾದ್ರಿಗಳು ಒಂದು ಚರಣ, ಜನ ಒಂದು ಚರಣ. ಎಲ್ಲ ಮುಗಿದ ಮೇಲೆ ಅಂಗಳದಲ್ಲಿ ಮಿತ್ರರ ತಂದೆಯವರು ನಮಗಾಗಿ ಒಂದು ಸುರಿಯಾನಿ ಹಾಡು ಹಾಡಿದರು. ವಯಸ್ಸು ಎಂಬತ್ತು ದಾಟಿದೆ. ಬಾಲಕರಾಗಿದ್ದಾಗ ಊರಿನ ಇಗರ್ಜಿಯಲ್ಲಿ ಪೂಜೆಗೆ ನೆರವಾಗುತ್ತ ಕಲಿತದ್ದಂತೆ. ದನಿ ನಡುಗುತ್ತಿತ್ತು, ಆದರೆ ಒಂದು ಅಕ್ಷರವೂ ತಪ್ಪಲಿಲ್ಲವೆಂದು ಮಗನ ಮುಖವೇ ಹೇಳುತ್ತಿತ್ತು. ಅರ್ಥವೇನೆಂದು ನಮ್ಮ ಮನೆಯವರು ಕೇಳಿದರು. ಅಜ್ಜ ನಕ್ಕು, “ಆಗ ನಮಗೆ ಅರ್ಥ ಅರ್ಧವೇ ಗೊತ್ತಿತ್ತು, ತಾಯಿ, ಹಾಡು ಮಾತ್ರ ಪೂರ್ತಿ ಗೊತ್ತಿತ್ತು” ಎಂದರು. ಪಕ್ಕದಲ್ಲಿ ನಿಂತಿದ್ದ ಮೊಮ್ಮಗಳಿಗೆ ಆ ಹಾಡಿನ ಮೊದಲ ಸಾಲು ಬರುತ್ತಿತ್ತು; ಎರಡನೆಯದು ಬರುತ್ತಿರಲಿಲ್ಲ.

ಇಂಥ ಅಜ್ಜಂದಿರ ಕಂಠದಲ್ಲಿರುವುದನ್ನು ಉಳಿಸಲು ಒಬ್ಬ ಪಾದ್ರಿಗಳು ದಶಕಗಳಿಂದ ದುಡಿಯುತ್ತಿದ್ದಾರೆ. ಅವರು ಸಂಗೀತ ವಿದ್ವಾಂಸರಾದ ಡಾ. ಜೋಸೆಫ್ ಪಾಲಕ್ಕಲ್. ೧೯೯೯ರಲ್ಲಿ ಭಾರತದ ಕ್ರೈಸ್ತ ಸಂಗೀತಶಾಸ್ತ್ರ ಸಂಘವನ್ನು ಕಟ್ಟಿ, ಹಳಬರ ಬಾಯಿಂದ ಸುರಿಯಾನಿ ಹಾಡುಗಳನ್ನು ಹಾಡಿಸಿ ಧ್ವನಿಮುದ್ರಿಸಿದರು; ೨೦೦೨ರಲ್ಲಿ ಅಂಥ ಹಾಡುಗಳ ಒಂದು ಸಂಕಲನವನ್ನೂ ಹೊರತಂದರು. ಪುಸ್ತಕದಲ್ಲಿ ಮಾತು ಉಳಿದೀತು; ಧಾಟಿ ಉಳಿಯಬೇಕಾದರೆ ಹಾಡುವ ಬಾಯಿ ಬೇಕು.

ಎರಡನೆಯ ಭಾನುವಾರ ಠಾಣೆಗೆ ಹೋದೆವು. ತಲಾವ್ ಪಾಳಿಯಲ್ಲಿ, ಮಾಸುಂದಾ ಕೆರೆಯ ಬಳಿ, ಪೋರ್ಚುಗೀಸರ ಕಾಲದಿಂದ ಬಂದ ಸ್ನಾನಿಕ ಯೋಹಾನರ ಇಗರ್ಜಿ ಇದೆ. ಆದರೆ ಠಾಣೆಗೆ ಲ್ಯಾಟಿನ್ ಪ್ರಾರ್ಥನೆ ಬಂದದ್ದು ಪೋರ್ಚುಗೀಸರಿಗಿಂತ ಎಷ್ಟೋ ಮೊದಲು. ಇಟಲಿಯ ತೋಲೆಂತಿನೋ ಊರಿನ ತೋಮಸ್ ಮತ್ತು ಅವರ ಸಂಗಡಿಗರಾದ ಫ್ರಾನ್ಸಿಸ್ಕನ್ ಸಂನ್ಯಾಸಿಗಳು ೧೩೨೧ರಲ್ಲಿ ಇಲ್ಲಿ ಪ್ರಾಣ ತೆತ್ತರು. ಈ ನೆಲದ ಮೂಲ ಕ್ರೈಸ್ತರು ತಮ್ಮನ್ನು ‘ಈಸ್ಟ್ ಇಂಡಿಯನ್’ ಎಂದು ಕರೆದುಕೊಳ್ಳುತ್ತಾರೆ. ೧೮೮೭ರಲ್ಲಿ ಆ ಹೆಸರನ್ನು ಇಟ್ಟುಕೊಂಡರು. ಮನೆಮಾತು ಮರಾಠಿಯದೇ ಒಂದು ಬಗೆ. ಹೊಲ ಗದ್ದೆಗಳಿದ್ದ ಇವರ ಹಳ್ಳಿಗಳ ಬೀದಿಗಳಲ್ಲಿ ಶಿಲುಬೆಯ ಕಟ್ಟೆಗಳಿರುತ್ತವೆ. ಮೇ ತಿಂಗಳಲ್ಲಿ ಅವುಗಳ ಮುಂದೆ ಹೂವಿಟ್ಟು, ದೀಪ ಹಚ್ಚಿ, ನೆರೆಹೊರೆಯವರೆಲ್ಲ ಸೇರಿ ‘ಲದಿನ್’ ಎಂಬ ನಾಮಾವಳಿಯನ್ನು ಹಾಡುತ್ತಾರೆ. ಒಬ್ಬರು ಒಂದು ನಾಮ ಹೇಳುವುದು, ಎಲ್ಲರೂ ಓಗೊಡುವುದು; ಕೊನೆಗೆ ಬೇಯಿಸಿದ ಕಡಲೆ ಹಂಚುವುದು. ಇಗರ್ಜಿಯೊಳಗೆ ಲ್ಯಾಟಿನ್ ಬಹುಮಟ್ಟಿಗೆ ನಿಂತುಹೋದ ಮೇಲೆಯೂ ಬೀದಿಯ ಶಿಲುಬೆಯ ಮುಂದೆ ಅದು ಬದುಕಿತು. ನಮ್ಮೂರ ಅಶ್ವತ್ಥಕಟ್ಟೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲ್ಯಾಟಿನ್ ಹಾಡುಗಳಲ್ಲಿ ಮುಖ್ಯವಾದುದು ಗ್ರೆಗೋರಿಯನ್ ಗಾನ. ಅದಕ್ಕೆ ತಾಳದ ಕಟ್ಟಿಲ್ಲ, ಎರಡನೆಯ ದನಿಯ ಜೋಡಣೆಯಿಲ್ಲ. ಮಾತು ನಡೆದಂತೆ ರಾಗ ನಡೆಯುತ್ತದೆ. ನಮ್ಮ ಗಮಕಿಗಳು ಕುಮಾರವ್ಯಾಸನನ್ನು ಓದುವುದನ್ನು ಕೇಳಿದವರಿಗೆ ಅದರ ಅಂದಾಜು ಸಿಕ್ಕೀತು. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ಇಗರ್ಜಿಗಳಿಗೆ ನಾಟಕಶಾಲೆಯ ಸಂಗೀತ ನುಗ್ಗಿ ಇದು ಮೂಲೆಗುಂಪಾಗಿತ್ತು. ಫ್ರಾನ್ಸಿನ ಸೊಲೆಮ್ ಮಠದ ಸಂನ್ಯಾಸಿಗಳು ಹಳೆಯ ಕೈಬರಹಗಳನ್ನು ಹೋಲಿಸಿ ನೋಡಿ ಇದನ್ನು ತಿದ್ದಿ ನಿಲ್ಲಿಸಿದರು. ೧೯೦೩ರ ನವೆಂಬರ್ ೨೨ರಂದು ಹತ್ತನೆಯ ಪಿಯುಸ್ ಪೋಪರು ಆಜ್ಞೆ ಹೊರಡಿಸಿ, ಪಿಯಾನೋ ಮತ್ತು ಅಬ್ಬರದ ವಾದ್ಯಗಳನ್ನು ಇಗರ್ಜಿಯಿಂದ ಹೊರಗಿಟ್ಟು ಈ ಗಾನಕ್ಕೆ ಮೊದಲ ಮಣೆ ಹಾಕಿದರು.

ಅರುವತ್ತು ವರ್ಷಗಳ ಮೇಲೆ, ೧೯೬೩ರ ಡಿಸೆಂಬರ್ ೪ರಂದು, ಎರಡನೆಯ ವ್ಯಾಟಿಕನ್ ಮಹಾಸಭೆಯು ಪೂಜಾವಿಧಿಯ ಬಗ್ಗೆ ತನ್ನ ನಿರ್ಣಯವನ್ನು ಪ್ರಕಟಿಸಿತು. ಜನರ ಭಾಷೆಗೆ ಬಾಗಿಲು ತೆರೆದದ್ದು ಇದೇ. ಆದರೆ ಇದೇ ನಿರ್ಣಯದಲ್ಲಿ ಎರಡು ಮಾತುಗಳು ಅಕ್ಕಪಕ್ಕದಲ್ಲಿವೆ: ಗ್ರೆಗೋರಿಯನ್ ಗಾನಕ್ಕೆ ಅಗ್ರಸ್ಥಾನವಿರಲಿ ಎಂಬುದು ಒಂದು, ಸ್ವಂತ ಸಂಗೀತ ಪರಂಪರೆಯುಳ್ಳ ಜನರ ಸಂಗೀತಕ್ಕೂ ತಕ್ಕ ಗೌರವ ಸಲ್ಲಲಿ ಎಂಬುದು ಇನ್ನೊಂದು. ಮುಂದಿನ ವರ್ಷವೇ, ೧೯೬೪ರ ಡಿಸೆಂಬರಿನಲ್ಲಿ, ಮುಂಬಯಿಯಲ್ಲಿ ನಡೆದ ಅಂತರರಾಷ್ಟ್ರೀಯ ಪರಮಪ್ರಸಾದ ಮಹಾಸಮ್ಮೇಳನಕ್ಕೆ ಆರನೆಯ ಪೌಲ್ ಪೋಪರೇ ಬಂದರು. ಆ ಕಾಲಕ್ಕಾಗಲೇ ಜರ್ಮನ್ ಪಾದ್ರಿಗಳಾದ ಜಾರ್ಜ್ ಪ್ರೋಕ್ಷ್ ಎಂಬವರು ಹಿಂದೂಸ್ತಾನಿ ರಾಗಗಳನ್ನು ಕಲಿತು ಹಿಂದಿಯಲ್ಲಿ ಕ್ರೈಸ್ತ ಭಜನೆಗಳನ್ನು ರಚಿಸಿದ್ದರು. ಅವರ ಆಶ್ರಮ ಅಂಧೇರಿಯಲ್ಲಿತ್ತು. ಬೆಂಗಳೂರಿನಲ್ಲಿ ೧೯೬೭ರಲ್ಲಿ ಸ್ಥಾಪನೆಯಾದ ಕೆಥೋಲಿಕರ ರಾಷ್ಟ್ರೀಯ ಕೇಂದ್ರವೂ ಆರತಿ, ಭಜನೆಗಳನ್ನು ಪೂಜೆಯೊಳಗೆ ತರುವ ಹಾದಿ ಹಿಡಿಯಿತು. ಹೀಗೆ ‘ಪರಂಪರೆ’ ಎಂಬ ಒಂದೇ ಮಾತಿಗೆ ಒಬ್ಬರು ಲ್ಯಾಟಿನ್ ಎಂದರು, ಒಬ್ಬರು ಸುರಿಯಾನಿ ಎಂದರು, ಇನ್ನೊಬ್ಬರು ಭೈರವಿ ರಾಗವೆಂದರು! ಯಾರ ಮಾತೂ ಸುಳ್ಳೆನ್ನುವಂತಿಲ್ಲ.

ಮೂರನೆಯ ಪಯಣ ವಸಯಿಗೆ. ನಮ್ಮ ಕಡೆಯಿಂದ ಹೋಗುವವರು ದಿವಾದಲ್ಲಿ ಇಳಿದು ವಸಯಿಯ ಗಾಡಿ ಹಿಡಿಯಬೇಕು. ಭಿವಂಡಿ, ಕಾಮಣದ ಕಡೆಯಿಂದ ಖಾಡಿ ದಾಟಿ ಹೋಗುವ ಆ ಹಾದಿ ಮಳೆಗಾಲದಲ್ಲಿ ಕಣ್ಣಿಗೆ ಹಬ್ಬ. ವಸಯಿಯ ಕೋಟೆಯೊಳಗೆ ಪಾಳುಬಿದ್ದ ಇಗರ್ಜಿಗಳ ಎತ್ತರದ ಗೋಡೆಗಳು ನಿಂತಿವೆ; ಗಂಟೆಗಳಿಲ್ಲ. ೧೭೩೯ರಲ್ಲಿ ಚಿಮಾಜಿ ಅಪ್ಪಾ ಕೋಟೆಯನ್ನು ಗೆದ್ದಾಗ ಇಗರ್ಜಿಗಳ ಗಂಟೆಗಳನ್ನು ಮರಾಠರು ಒಯ್ದು ದೇವಾಲಯಗಳಲ್ಲಿ ಕಟ್ಟಿದರು. ನಾಸಿಕದ ನಾರೋಶಂಕರ ದೇವಾಲಯದಲ್ಲಿ ೧೭೨೧ ಎಂದು ಬರೆದ ಗಂಟೆಯಿದೆ. ವಾಯಿ ಬಳಿಯ ಮೇಣವಲಿಯಲ್ಲಿ ೧೭೦೭ರ ಗಂಟೆಯಿದೆ. ಕಂಚು ದೇವರನ್ನು ಬದಲಿಸಿತು, ದನಿಯನ್ನು ಬದಲಿಸಲಿಲ್ಲ. ಆದರೆ ಹಾಡು ಕಂಚಿನಂತಲ್ಲ. ಬಾರಿಸುವವರಿಲ್ಲದಿದ್ದರೂ ಗಂಟೆ ಇರುತ್ತದೆ, ಹಾಡುವವರಿಲ್ಲದಿದ್ದರೆ ಹಾಡೇ ಇರುವುದಿಲ್ಲ.

ವಸಯಿಯ ಕ್ರೈಸ್ತರು ಇಂದು ಮರಾಠಿಯಲ್ಲಿ ಪೂಜೆ ಮಾಡುತ್ತಾರೆ. ಬೈಬಲ್ಲನ್ನು ಸುಲಭ ಮರಾಠಿಗೆ ತಂದ ಫಾದರ್ ಫ್ರಾನ್ಸಿಸ್ ದಿಬ್ರಿಟೊ ಇಲ್ಲಿಯವರೇ. ೨೦೨೦ರಲ್ಲಿ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಲನಕ್ಕೆ ಅವರು ಅಧ್ಯಕ್ಷರಾದರು, ೨೦೨೪ರಲ್ಲಿ ತೀರಿಕೊಂಡರು. ನೆಲದ ಮಾತನ್ನು ಅಪ್ಪಿಕೊಂಡವರಿಗೆ ಆ ನೆಲವೂ ಮಾನ ಕೊಡುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಇಷ್ಟು ನೋಡಿದ ಮೇಲೆ ನಮ್ಮ ಕರಾವಳಿಯನ್ನೂ ನೆನೆಯಬೇಕು. ಮೇಲೆ ಹೇಳಿದ ಕಲ್ಯಾಣಪುರದಲ್ಲಿ ಮಿಲಾಗ್ರಿಸ್ ಇಗರ್ಜಿ ಇದೆ. ೨೦೧೨ರಲ್ಲಿ ಉಡುಪಿಗೆ ಪ್ರತ್ಯೇಕ ಬಿಷಪರ ಪೀಠವಾದಾಗ ಅದೇ ಪ್ರಧಾನ ಇಗರ್ಜಿಯಾಯಿತು. ಆ ಸೀಮೆಯ ಕೊಂಕಣಿ ಕ್ರೈಸ್ತರಲ್ಲಿ ‘ರಿಗ್ಲೊ ಜೆಜು ಮೊಳ್ಯಾಂತುಂ’ ಎಂಬ ತಪಸ್ಸುಕಾಲದ ಹಾಡೊಂದಿದೆ. ಟಿಪ್ಪು ಸುಲ್ತಾನನ ಸೆರೆಯಲ್ಲಿದ್ದಾಗ ಫಾದರ್ ಜೋಕಿಮ್ ಮಿರಾಂದ ಅದನ್ನು ರಚಿಸಿದರು. ಏಸು ಸೆರೆಸಿಕ್ಕಿದ ಉದ್ಯಾನವನ್ನು ಕುರಿತ ಹಾಡನ್ನು ಸೆರೆಯಾಳೇ ಕಟ್ಟಿದ್ದು! ಗಡಿಗೆಗೆ ಚರ್ಮ ಬಿಗಿದ ಗುಮಟೆ ಎಂಬ ವಾದ್ಯವೂ ಅವರಲ್ಲಿತ್ತು. ಅದು ಮರೆಯಾಗುವ ಹೊತ್ತಿಗೆ, ೧೯೮೬ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ‘ಮಾಂಡ್ ಸೊಭಾಣ್’ ಸಂಸ್ಥೆ ಅದಕ್ಕೆ ಮತ್ತೆ ಮರ್ಯಾದೆ ತಂದಿತು. ಇನ್ನು ಪ್ರಾಟೆಸ್ಟಂಟರ ಪೈಕಿ ನಿಘಂಟಿನ ಕಿಟ್ಟೆಲ್ ಮಹಾಶಯರು ೧೮೬೨ರಲ್ಲಿಯೇ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿ ಹಾಡಿದ್ದರು. ಹೊರಗಿನಿಂದ ಬಂದವರು ಕನ್ನಡದ ಧಾಟಿಯನ್ನು ಇಷ್ಟು ಮನ್ನಿಸಿದ್ದಾರೆ. ಹೊರಗೆ ಬಂದ ನಾವು ಏನು ಮಾಡಬೇಕು?

ನಮ್ಮ ಮನೆಯ ಮಾತನ್ನೇ ಹೇಳುತ್ತೇವೆ. ಊರಿನಿಂದ ಬಂದ ನಮ್ಮ ತಾಯಿಯವರಿಗೆ ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ತೊಟ್ಟಿಲ ಹಾಡು, ಹೀಗೆ ಐವತ್ತಕ್ಕೆ ಕಡಮೆಯಿಲ್ಲದಷ್ಟು ಬರುತ್ತವೆ. ಯಾವುದೂ ಅಚ್ಚಾದ ಪುಸ್ತಕದಲ್ಲಿಲ್ಲ. ನಮ್ಮ ಮಗಳು ಕನ್ನಡ ಆಡುತ್ತಾಳೆ, ಓದುವುದಿಲ್ಲ. ಭಜನೆಯ ಪದಗಳನ್ನು ನಾಗರಿಯಲ್ಲಿ ಬರೆದುಕೊಂಡು ಹಾಡುತ್ತಾಳೆ. ಕಲ್ಯಾಣದ ಆ ಅಂಗಳದಲ್ಲಿ ಮೊದಲ ಸಾಲಿಗೇ ನಿಂತುಹೋದ ಹುಡುಗಿಗೂ ಇವಳಿಗೂ ನಡುವೆ ಹೆಚ್ಚು ದೂರವಿಲ್ಲ.

ಈ ಮೂರು ಪಯಣಗಳಿಂದ ನಮಗೆ ತಿಳಿದದ್ದು ಇಷ್ಟು. ಹಳೆಯ ಹಾಡನ್ನು ಆಜ್ಞೆಯಿಂದ ಮಾತ್ರ ಮರಳಿ ತರಲಾಗದು; ಪೋಪರ ಆಜ್ಞೆ ೧೯೦೩ರಲ್ಲಿಯೇ ಆಗಿತ್ತು, ಆದರೂ ಅದು ಉಳಿದದ್ದು ಪ್ರತಿದಿನ ಹಾಡುವ ಮಠಗಳಲ್ಲಿ. ಅರ್ಥ ಹೇಳದೆ ಹಾಡಿಸಿದರೆ ಮಕ್ಕಳು ಬಿಡುತ್ತಾರೆ. ಅರ್ಥವನ್ನಷ್ಟೇ ಇಟ್ಟುಕೊಂಡು ಧಾಟಿಯನ್ನು ಬಿಟ್ಟರೆ ಹಾಡು ಹೋಗುತ್ತದೆ. ಹೊಸದನ್ನು ಓಡಿಸಿ ಹಳೆಯದಕ್ಕೆ ಜಾಗ ಮಾಡಬೇಕಾಗಿಯೂ ಇಲ್ಲ. ಶಿಲುಬೆಯ ಕಟ್ಟೆಯ ಲದಿನ್‌ನಂತೆ, ವರ್ಷದಲ್ಲಿ ಅದರದೇ ಎಂಬ ಒಂದು ಹೊತ್ತು, ಒಂದು ಜಾಗ, ಕೊನೆಗೆ ಹಂಚಲು ಒಂದು ಹಿಡಿ ಕಡಲೆ ಇದ್ದರೆ ಸಾಕು.

ಆದ್ದರಿಂದ ಸಂಘದ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ತಿಂಗಳಿಗೊಂದು ಶನಿವಾರ ಭಜನೆಯ ಮೊದಲ ಅರ್ಧ ಗಂಟೆಯನ್ನು ಮನೆಯ ಹಿರಿಯರಿಗೆ ಬಿಟ್ಟುಕೊಡೋಣ. ಅವರು ಒಂದು ಹಾಡು ಹೇಳಿಕೊಡಲಿ. ಯಾರಾದರೂ ಅದರ ಅರ್ಥವನ್ನು ಮಕ್ಕಳಿಗೆ ಬಿಡಿಸಿ ಹೇಳಲಿ. ಕೈಯಲ್ಲಿರುವ ಫೋನಿನಲ್ಲಿ ಇನ್ನೊಬ್ಬರು ಅದನ್ನು ಮುದ್ರಿಸಿಕೊಳ್ಳಲಿ. ಕೊಂಕಣಿಯ ಹಾಡು, ತುಳುವಿನ ಪಾಡ್ದನ, ಕ್ರೈಸ್ತ ಬಂಧುಗಳ ಹಾಡು, ಎಲ್ಲಕ್ಕೂ ಸರದಿಯಿರಲಿ. ಮೊದಲ ಶನಿವಾರಕ್ಕೆ ನಮ್ಮ ತಾಯಿಯವರು ಒಪ್ಪಿದ್ದಾರೆ. ತೊಟ್ಟಿಲ ಹಾಡಿನಿಂದ ಆರಂಭಿಸುವರಂತೆ. ಕಡಲೆ ನಮ್ಮ ಮನೆಯದು.