ಫ್ಯಾಟು, ಗ್ರಾಫ್ ಹಾಳೆ ಮತ್ತು ನಾವು ಕಳಿಸದೆ ಬಿಟ್ಟ ಸುದ್ದಿ

ಕೊಪ್ಪದ ಕಡೆ ನಮ್ಮದೊಂದು ಜರ್ಸಿ ಮಿಶ್ರತಳಿಯ ಹಸು ಇದೆ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ಬೈಕ್ ಹತ್ತಿ ಶೃಂಗೇರಿಗೋ ನರಸಿಂಹರಾಜಪುರಕ್ಕೋ ಸುದ್ದಿಗೆ ಹೋಗುವುದು ನಮ್ಮ ದಿನಚರಿ. ಪತ್ರಿಕೆಯಿಂದ ಬರುವ ದುಡ್ಡು ಪೆಟ್ರೋಲಿಗೇ ಸರಿ. ಮನೆ ನಡೆಯುವುದು ಹಾಲಿನಿಂದ. ಹಾಗಾಗಿ ಚೀಟಿಯಲ್ಲಿ ಫ್ಯಾಟ್ ಒಂದು ಪಾಯಿಂಟ್ ಇಳಿದರೂ ಹೊಟ್ಟೆ ಉರಿಯುತ್ತದೆ.

ಒಂದು ಬೆಳಿಗ್ಗೆ 3.7 ಬಂತು. ಹಿಂದಿನ ಬೆಳಿಗ್ಗೆ 4.0 ಇತ್ತು. ಅದೇ ಹಸು, ಅದೇ ಹಿಂಡಿ. ಸಾಲಿನಲ್ಲಿ ನಿಂತವರೆಲ್ಲ ಕೇಳುವ ಹಾಗೆ ಕಾರ್ಯದರ್ಶಿಗೆ ಜೋರು ಮಾಡಿದೆವು. ಅವರು ಮಾತಾಡಲಿಲ್ಲ, ಮುಂದಿನವರ ಕ್ಯಾನ್ ತೆಗೆದುಕೊಂಡರು. ಮನೆಗೆ ಬಂದವರೇ 'ಫ್ಯಾಟ್ ಕಳ್ಳತನ' ಎಂದು ಸುದ್ದಿಯನ್ನೂ ಟೈಪ್ ಮಾಡಿಟ್ಟೆವು.

ಅದನ್ನು ಕಳಿಸದಂತೆ ಮಾಡಿದವರು ನರಸಿಂಹರಾಜಪುರದ ಕಡೆಯ ಒಬ್ಬ ಹಿರಿಯರು. ಬೆಂಗಳೂರಿನ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿದ್ದು, ನಿವೃತ್ತರಾಗಿ ಈಗ ಅಡಿಕೆ ತೋಟ ನೋಡಿಕೊಳ್ಳುತ್ತಾರೆ. "ಎರಡು ಚೀಟಿ ಹಿಡ್ಕೊಂಡು ಕಳ್ಳ ಅಂತ ಬರೀತೀರಾ ಮಾರಾಯ್ರೆ? ಇಪ್ಪತ್ತು ದಿನದ್ದು ತನ್ನಿ" ಎಂದರು.

ಅವರು ಹೇಳಿಕೊಟ್ಟದ್ದು ಕಂಟ್ರೋಲ್ ಚಾರ್ಟ್. 1924ರಲ್ಲಿ ಅಮೆರಿಕದ ವಾಲ್ಟರ್ ಶೂಹಾರ್ಟ್, ಟೆಲಿಫೋನ್ ಉಪಕರಣ ತಯಾರಿಸುವ ಕಾರ್ಖಾನೆಗಾಗಿ ಒಂದೇ ಪುಟದಲ್ಲಿ ಬರೆದುಕೊಟ್ಟ ಉಪಾಯವಂತೆ. ಮಹಾಲನೋಬಿಸ್ ಅವರ ಆಹ್ವಾನದ ಮೇಲೆ 1947-48ರಲ್ಲಿ ಆತ ನಮ್ಮ ದೇಶಕ್ಕೂ ಬಂದಿದ್ದರು.

ಲೆಕ್ಕ ಕಷ್ಟದ್ದಲ್ಲ. ಓದಿದ ಅಂಕಿಗಳ ಸರಾಸರಿ ತೆಗೆಯಬೇಕು. ಒಂದು ಅಂಕಿಗೂ ಅದರ ಮುಂದಿನದಕ್ಕೂ ಇರುವ ವ್ಯತ್ಯಾಸ ಬರೆದು, ಆ ವ್ಯತ್ಯಾಸಗಳ ಸರಾಸರಿಯನ್ನು 2.66ರಿಂದ ಗುಣಿಸಬೇಕು. ಬಂದದ್ದನ್ನು ಮೊದಲ ಸರಾಸರಿಗೆ ಕೂಡಿಸಿದರೆ ಮೇಲಿನ ಗೆರೆ, ಕಳೆದರೆ ಕೆಳಗಿನ ಗೆರೆ. ಗೆರೆಗಳ ನಡುವಿನ ಏರಿಳಿತ ಮಾಮೂಲಿ. ಗೆರೆ ದಾಟಿದರೆ ಕಾರಣ ಹುಡುಕಬೇಕು.

ನಾವು ಮೊದಲ ಸಲವೇ ಎಡವಿದೆವು. ಬೆಳಿಗ್ಗೆ, ಸಂಜೆ ಎರಡೂ ಹೊತ್ತಿನ ಅಂಕಿ ಸಾಲಾಗಿ ಬರೆದುಬಿಟ್ಟಿದ್ದೆವು. ರಾತ್ರಿಯ ಅಂತರ ಉದ್ದ, ಬೆಳಿಗ್ಗೆ ಹಾಲು ಹೆಚ್ಚು, ಫ್ಯಾಟ್ ಕಡಿಮೆ. ಸಂಜೆ ಉಲ್ಟಾ. ಹೊತ್ತು ಹೊತ್ತಿಗೆ 0.4 ಜಿಗಿತ. ಗೆರೆಗಳು 3ರಿಂದ 5ರ ಮೇಲಿನವರೆಗೆ ಹರಡಿಕೊಂಡವು. ಅಷ್ಟು ಅಗಲದ ಬೇಲಿಯಲ್ಲಿ ಎಂಥ ದನವಾದರೂ ನುಗ್ಗೀತು! ಅವರು ನಕ್ಕು, ಬೆಳಗಿನದ್ದನ್ನೇ ಬೇರೆ ಹಾಕಲು ಹೇಳಿದರು. ಆಗ ಸರಾಸರಿ 3.9, ವ್ಯತ್ಯಾಸದ ಸರಾಸರಿ 0.12. ಗೆರೆಗಳು 3.6 ಮತ್ತು 4.2ಕ್ಕೆ ನಿಂತವು.

ನಾವು ಜಗಳ ಆಡಿದ 3.7 ಒಳಗೇ ಇತ್ತು.

ಗೆರೆ ಇಷ್ಟು ದೂರವೇ ಏಕೆ ಎಂದು ಕೇಳಿದೆವು. ಹತ್ತಿರ ಎಳೆದರೆ ವಾರಕ್ಕೊಮ್ಮೆ ಸುಮ್ಮನೆ ಜಗಳ, ದೂರ ಎಳೆದರೆ ಕೆಚ್ಚಲು ಬಾವು ಬಂದರೂ ಗೊತ್ತಾಗುವುದಿಲ್ಲ ಎಂದರು. ಡೇರಿ ಕೇಳುವ 3.5 ಬೇರೆ, ಈ ಗೆರೆ ಬೇರೆ. ಅದು ಕೊಳ್ಳುವವರ ಷರತ್ತು, ಇದು ನಮ್ಮ ಹಸುವಿನ ಸ್ವಭಾವ.

ಗೆರೆ ಬದಲಿಸದೆ ಚುಕ್ಕಿ ಇಡುತ್ತಾ ಹೋದೆವು. ಮುಂಗಾರು ಹಿಡಿದ ಮೇಲೆ ಒಂದು ವಿಚಿತ್ರ ಕಂಡಿತು. ಒಂದು ಚುಕ್ಕಿಯೂ 3.6ರ ಕೆಳಗಿಲ್ಲ, ಆದರೆ ಸತತ ಎಂಟು ಬೆಳಿಗ್ಗೆ ಸರಾಸರಿಗಿಂತ ಕೆಳಗೆ. ಎಂಟು ಸಲ ನಾಣ್ಯ ಚಿಮ್ಮಿ ಎಂಟೂ ಸಲ ಒಂದೇ ಮುಖ ಬಿದ್ದ ಹಾಗೆ, ಇದೂ ಎಚ್ಚರಿಕೆಯೇ. ಮತ್ತೆ ಕಾರ್ಯದರ್ಶಿಯ ಮೇಲೆ ಅನುಮಾನ ಎದ್ದಿತು, ಸುಳ್ಳು ಹೇಳುವುದಿಲ್ಲ. ಅದೇ ಯಂತ್ರಕ್ಕೆ ಹಾಲು ಹಾಕುವ ಪಕ್ಕದ ಎರಡು ಮನೆಯ ಚೀಟಿ ನೋಡಿದೆವು. ಅವರದ್ದು ಇಳಿದಿರಲಿಲ್ಲ. ಕಾರಣ ನಮ್ಮ ಕೊಟ್ಟಿಗೆಯಲ್ಲೇ ಇರಬೇಕು.

ಅಮ್ಮನನ್ನು ಕೇಳಿದರೆ, "ಹುಲ್ಲು ಖಾಲಿಯಾಗಿ ಎಷ್ಟು ದಿನ ಆಯ್ತು? ಪೇಪರ್‌ನವರಿಗೆ ಮನೆ ಸುದ್ದಿ ಎಲ್ಲಿ ಬೇಕು" ಎಂದರು. ಒಣಹುಲ್ಲು ಮುಗಿದು, ಮಳೆಗೆ ಚಿಗುರಿದ ಎಳೆ ಹುಲ್ಲನ್ನೇ ಹಾಕುತ್ತಿದ್ದರು. ನಾರು ಕಡಿಮೆಯಾದರೆ ಫ್ಯಾಟ್ ಇಳಿಯುತ್ತದೆ. ಒಣಹುಲ್ಲು ತಂದು ಬೆರೆಸಿದ ಮೇಲೆ ಚುಕ್ಕಿಗಳು ಮೆಲ್ಲಗೆ ಮೇಲೆ ಬಂದವು.

ಯಂತ್ರ ಸರಿಯಿದೆ ಎಂದು ಇದರಿಂದ ಸಾಬೀತಾಗಲಿಲ್ಲ, ಅದನ್ನೂ ಹೇಳಬೇಕು. ದಿನಾ 0.2 ಕಡಿಮೆ ತೋರಿಸುವ ಯಂತ್ರವಿದ್ದರೂ ಚಾರ್ಟ್ ನೆಟ್ಟಗೇ ಇರುತ್ತದೆ. ಅದಕ್ಕೆ ಅದೇ ಹಾಲನ್ನು ಆಸಿಡ್ ಹಾಕಿ ತಿರುಗಿಸುವ ಗರ್ಬರ್ ಪರೀಕ್ಷೆಯಲ್ಲಿ ನೋಡಿ ಹೋಲಿಸಬೇಕು.

ಸುದ್ದಿಯ ಕೆಲಸದಲ್ಲೂ ಇದು ಕಾಡುತ್ತಿದೆ. ಮಂಗನ ಕಾಯಿಲೆ ಎರಡು ಇದ್ದದ್ದು ನಾಲ್ಕಾದರೆ 'ದುಪ್ಪಟ್ಟು' ಎಂದು ಬರೆಯುವವರು ನಾವೇ. ಹಾಗೆಂದು ಕಾಡಿನಲ್ಲಿ ಮಂಗ ಸತ್ತು ಬಿದ್ದಿದ್ದರೆ ಇಪ್ಪತ್ತು ದಿನ ಲೆಕ್ಕ ಹಾಕುತ್ತ ಕೂರಬೇಡಿ, ಅಂದೇ ಆರೋಗ್ಯ ಇಲಾಖೆಗೆ ತಿಳಿಸಿ.

ಕಳೆದ ವಾರ ಸಾಲಿನಲ್ಲಿ ಎಲ್ಲರೂ ಇರುವಾಗಲೇ ಕಾರ್ಯದರ್ಶಿಗೆ ತಪ್ಪಾಯಿತು ಎಂದೆವು, ಹಾಳೆ ತೋರಿಸಿದೆವು. ಅವರು ಬಹಳ ಹೊತ್ತು ನೋಡಿದರು. ಗರ್ಬರ್ ಪರೀಕ್ಷೆಯ ಮಾತು ಎತ್ತಿದಾಗ, "ಭಾನುವಾರ ಬನ್ನಿ, ನಿಮ್ಮ ಹಾಲೇ ತನ್ನಿ" ಎಂದು ಕ್ಯಾನ್ ವಾಪಸ್ ಕೊಟ್ಟರು.