ಮಾವನ ಕ್ಯಾಮೆರಾ, ನನ್ನ ಎಕ್ಸೆಲ್ ಶೀಟ್

ಫೆಬ್ರವರಿಯಲ್ಲಿ ಇಂಟರ್ನಲ್ಸ್ ನಡೀತಿದ್ದಾಗ ತಿಪಟೂರಿನಿಂದ ಮಾವ ಫೋನ್ ಮಾಡಿದರು.

"ಪುಟ್ಟಿ, ಓದ್ಕೊಳ್ತಿದ್ದೀಯಾ? ಒಂದೇ ನಿಮಿಷ. ಫೂಜಿ ತಗೊಳ್ಳೋದಾ, ಹ್ಯಾಸೆಲ್‌ಬ್ಲಾಡ್ ತಗೊಳ್ಳೋದಾ?"

ಹ್ಯಾಸೆಲ್‌ಬ್ಲಾಡ್ ಅಂದ್ರೆ ಚಂದ್ರನ ಮೇಲೆ ಹೋದ ಕ್ಯಾಮೆರಾ ಅನ್ನೋದು ಬಿಟ್ಟು ನನಗೆ ಬೇರೇನೂ ಗೊತ್ತಿರಲಿಲ್ಲ. 1969ರಲ್ಲಿ ಅಪೊಲೊ 11ರವರು ಚಂದ್ರನ ನೆಲದ ಮೇಲೆ ಬಳಸಿದ ಕ್ಯಾಮೆರಾವನ್ನು ಅಲ್ಲೇ ಬಿಟ್ಟು, ಫಿಲ್ಮ್ ಇದ್ದ ಮ್ಯಾಗಜೀನ್ ಮಾತ್ರ ವಾಪಸ್ ತಂದರು ಅಂತ ಎಲ್ಲೋ ಓದಿದ್ದೆ. ಆದರೆ ಮಾವನ ಪ್ರಕಾರ ಇಂಜಿನಿಯರಿಂಗ್‌ಗೆ ಸೇರಿದವರಿಗೆ ಎಲ್ಲ ಗೊತ್ತಿರುತ್ತೆ. ಫ್ಯಾನ್ ನಿಂತರೂ ನನಗೇ ಫೋನ್ ಬರೋದು. "ನೋಡಿ ಹೇಳ್ತೀನಿ ಮಾವ" ಅಂದೆ. ಆ ಒಂದು ಮಾತು ಆರು ತಿಂಗಳು ನನ್ನನ್ನ ಬಿಡಲಿಲ್ಲ.

ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಇಷ್ಟು ಉದ್ದ ಬರೀತಿರೋದು ಇದೇ ಮೊದಲು. ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.

ಮೊದಲು ಮಾವನ ಸ್ಟುಡಿಯೋ ಬಗ್ಗೆ ಹೇಳಬೇಕು. ಅದನ್ನು ಶುರು ಮಾಡಿದ್ದು ನನ್ನ ತಾತ. ಅವರ ಹತ್ತಿರ ಇದ್ದದ್ದು ಒಂದರ ಮೇಲೊಂದು ಎರಡು ಲೆನ್ಸ್ ಇರೋ ಯಾಶಿಕಾ. ಅದನ್ನು ಕಣ್ಣಿಗೆ ಹಿಡಿಯೋದಿಲ್ಲ. ಕುತ್ತಿಗೆಗೆ ನೇತುಹಾಕಿಕೊಂಡು, ಹೊಟ್ಟೆ ಹತ್ತಿರ ಹಿಡಿದು, ತಲೆ ಬಗ್ಗಿಸಿ ಮೇಲಿಂದ ಗಾಜಿನೊಳಗೆ ನೋಡಬೇಕು. ಗಾಜಿನಲ್ಲಿ ಎಡ ಬಲ ಅದಲು ಬದಲು ಕಾಣುತ್ತೆ. ಒಂದು 120 ರೋಲ್‌ಗೆ ಹನ್ನೆರಡೇ ಫೋಟೋ. ಮದುವೆ, ನಾಮಕರಣ, ಸ್ಕೂಲ್ ಗ್ರೂಪ್ ಫೋಟೋ ಎಲ್ಲ ಅದರಲ್ಲೇ. ಒಂದೊಂದು ನೆಗೆಟಿವ್ 56 ಮಿಲಿಮೀಟರ್ ಉದ್ದ, ಅಷ್ಟೇ ಅಗಲ. ತಾತ ಪ್ರತಿಯೊಂದನ್ನೂ ಕವರಿಗೆ ಹಾಕಿ, ನಂಬರ್ ಬರೆದು, ಬಿಸ್ಕತ್ ಡಬ್ಬಗಳಲ್ಲಿ ಇಟ್ಟಿದ್ದರು. ರಿಜಿಸ್ಟರ್‌ನಲ್ಲಿ ನಂಬರ್ ಎದುರಿಗೆ ಹೆಸರು, ಊರು. ಅಟ್ಟದ ಮೇಲೆ ಅಂಥ ಹದಿನೇಳು ಡಬ್ಬಗಳಿದ್ದವು.

ಈಗ ಮಾವ ಮಾಡೋದು ಮದುವೆ, ಪ್ರೀ-ವೆಡ್ಡಿಂಗ್, ಕರಿಜ್ಮಾ ಆಲ್ಬಮ್. ಆದರೆ ಜನವರಿಯಲ್ಲಿ ನೊಣವಿನಕೆರೆಯಿಂದ ಒಬ್ಬರು ಬಂದಿದ್ದರಂತೆ. ಅವರ ತಾಯಿ ತೀರಿಕೊಂಡು ಮೂವತ್ತು ವರ್ಷ. ಮನೇಲಿ ಒಂದೂ ಫೋಟೋ ಇಲ್ಲ. "ನಿಮ್ಮಪ್ಪ ನಮ್ಮ ಅಕ್ಕನ ಮದುವೇಲಿ ತೆಗೆದಿದ್ರು, ಸಿಗಬಹುದಾ?" ಅಂತ ಕೇಳಿದರು. ಮಾವ ಎರಡು ದಿನ ಅಟ್ಟದ ಮೇಲೆ ಕೂತು ಹುಡುಕಿ ನೆಗೆಟಿವ್ ತೆಗೆದರು. ಅಂಗಡಿಯ ಹಳೇ ಸ್ಕ್ಯಾನರ್‌ನಲ್ಲಿ ಸ್ಕ್ಯಾನ್ ಮಾಡಿ ದೊಡ್ಡದು ಮಾಡಿದಾಗ ಮುಖ ಮಸುಕಾಯ್ತು. ಆದರೂ ಅವರು ಅದನ್ನೇ ನೋಡಿ ಅತ್ತುಬಿಟ್ಟರಂತೆ. ಮಾವನಿಗೆ ಮಾತ್ರ ಸಮಾಧಾನ ಆಗಲಿಲ್ಲ. ತಾತನ ನೆಗೆಟಿವ್‌ಗಳನ್ನೆಲ್ಲ ಸರಿಯಾಗಿ ಡಿಜಿಟಲ್ ಮಾಡಬೇಕು, ಅದಕ್ಕೆ ಒಳ್ಳೇ ಕ್ಯಾಮೆರಾ ಬೇಕು, ಒಳ್ಳೇದು ಅಂದ್ರೆ ಮೀಡಿಯಂ ಫಾರ್ಮ್ಯಾಟ್. ಫೋನ್ ಬಂದದ್ದು ಅದಕ್ಕೆ.

ನಾನು ಎಕ್ಸೆಲ್ ತೆರೆದೆ.

ಸಾಮಾನ್ಯವಾಗಿ ಮದುವೆ ಫೋಟೋಗ್ರಾಫರ್‌ಗಳ ಹತ್ತಿರ ಇರೋ ಫುಲ್ ಫ್ರೇಮ್ ಕ್ಯಾಮೆರಾದ ಸೆನ್ಸರ್ 36×24 ಮಿಲಿಮೀಟರ್. ಈಗ ಮೀಡಿಯಂ ಫಾರ್ಮ್ಯಾಟ್ ಅಂತ ಮಾರೋ ಹೆಚ್ಚಿನ ಡಿಜಿಟಲ್ ಕ್ಯಾಮೆರಾಗಳದ್ದು ಸುಮಾರು 44×33. ವಿಸ್ತೀರ್ಣದಲ್ಲಿ ಸುಮಾರು 1.7 ಪಟ್ಟು ದೊಡ್ಡದು. ತಾತನ ಯಾಶಿಕಾದ ನೆಗೆಟಿವ್ ಇದರ ಎರಡು ಪಟ್ಟಿಗಿಂತ ದೊಡ್ಡದು ಅನ್ನೋದು ಲೆಕ್ಕ ಹಾಕಿದಾಗ ಗೊತ್ತಾಯ್ತು. ಅಂದ್ರೆ ನಾವು ಲಕ್ಷಗಟ್ಟಲೆ ಕೊಟ್ಟು ತಗೊಳ್ಳೋಕೆ ಹೊರಟಿದ್ದಕ್ಕಿಂತ ದೊಡ್ಡ ಫಾರ್ಮ್ಯಾಟ್‌ನಲ್ಲಿ ತಾತ ನಾಮಕರಣದ ಫೋಟೋ ತೆಗೀತಿದ್ದರು!

ಶೀಟ್‌ನಲ್ಲಿ ಮೂರು ಹೆಸರು ಬರೆದೆ. ಒಂದು, ಫೂಜಿಫಿಲ್ಮ್ ಜಿಎಫ್‌ಎಕ್ಸ್ 100ಎಸ್ 2. 2024ರಲ್ಲಿ ಬಂದದ್ದು, 102 ಮೆಗಾಪಿಕ್ಸೆಲ್, ಬಿಡುಗಡೆಯ ಬೆಲೆ 4,999 ಡಾಲರ್. ಎರಡು, ಹ್ಯಾಸೆಲ್‌ಬ್ಲಾಡ್ ಎಕ್ಸ್2ಡಿ 100ಸಿ. 2022ರದ್ದು, 100 ಮೆಗಾಪಿಕ್ಸೆಲ್, 8,199 ಡಾಲರ್. ಮೂರು, ಫೇಸ್ ಒನ್ ಐಕ್ಯೂ4. 150 ಮೆಗಾಪಿಕ್ಸೆಲ್, ಸೆನ್ಸರ್ ಇನ್ನೂ ದೊಡ್ಡದು, ಸುಮಾರು 53×40. ಬೆಲೆ ನೋಡಿ ಆ ಸಾಲನ್ನು ಅವತ್ತೇ ಅಳಿಸಿದೆ. ಆ ದುಡ್ಡಿಗೆ ತಿಪಟೂರಲ್ಲಿ ಮನೆ ಕಟ್ಟಬಹುದು.

ಉಳಿದ ಎರಡರಲ್ಲಿ ನಾನು ಮುಳುಗಿಹೋದೆ. ಹ್ಯಾಸೆಲ್‌ಬ್ಲಾಡ್‌ನಲ್ಲಿ ಶಟರ್ ಇರೋದು ಲೆನ್ಸ್ ಒಳಗೆ. ಹಾಗಾಗಿ ಸೆಕೆಂಡಿನ 2,000ನೇ ಒಂದು ಭಾಗದಲ್ಲೂ, ಹೊಸ ಲೆನ್ಸ್‌ಗಳಲ್ಲಿ 4,000ನೇ ಒಂದು ಭಾಗದಲ್ಲೂ ಫ್ಲ್ಯಾಶ್ ಹೊಂದಿಕೊಳ್ಳುತ್ತೆ. ಫೂಜಿಯಲ್ಲಿ ಶಟರ್ ಸೆನ್ಸರ್ ಮುಂದೆ ಇರೋದರಿಂದ 125ನೇ ಒಂದು ಭಾಗಕ್ಕೇ ನಿಲ್ಲುತ್ತೆ. ಮಧ್ಯಾಹ್ನದ ಬಿಸಿಲಲ್ಲಿ ತೆಂಗಿನ ತೋಟದಲ್ಲಿ ಫ್ಲ್ಯಾಶ್ ಹಾಕಿ ಪ್ರೀ-ವೆಡ್ಡಿಂಗ್ ತೆಗೆಯೋ ಮಾವನಿಗೆ ಇದು ದೊಡ್ಡ ವಿಷಯ. ಹ್ಯಾಸೆಲ್‌ಬ್ಲಾಡ್‌ಗೆ ಒಂದು ಪಾಯಿಂಟ್. ಆದರೆ ಅದರಲ್ಲಿ ವೀಡಿಯೋನೇ ಇಲ್ಲ. ಫೂಜಿಗೆ ಒಂದು ಪಾಯಿಂಟ್. ಹ್ಯಾಸೆಲ್‌ಬ್ಲಾಡ್ ಒಳಗೇ 1 ಟಿಬಿ ಸ್ಟೋರೇಜ್ ಇದೆ. ಫೂಜಿ ಸೆನ್ಸರ್ ಅನ್ನೇ ಚೂರು ಚೂರು ಸರಿಸಿ 16 ಫೋಟೋ ತೆಗೆದು, ಕಂಪ್ಯೂಟರ್‌ನಲ್ಲಿ ಸೇರಿಸಿ 400 ಮೆಗಾಪಿಕ್ಸೆಲ್ ಮಾಡುತ್ತೆ. ಹೀಗೆ ಸಾಲುಗಳು ನಲವತ್ತೆರಡಾದವು. ಪ್ರತಿ ಸಾಲಿಗೂ ವೇಟೇಜ್ ಕೊಟ್ಟೆ. ವೇಟೇಜ್ ಸ್ವಲ್ಪ ಬದಲಿಸಿದ್ರೆ ಗೆಲ್ಲೋ ಕ್ಯಾಮೆರಾನೂ ಬದಲಾಗ್ತಿತ್ತು. ಮಾವ ವಾರಕ್ಕೊಮ್ಮೆ ಫೋನ್ ಮಾಡಿ "ಏನಾಯ್ತೇ?" ಅಂತ ಕೇಳೋರು. "ಇನ್ನೊಂದು ವಾರ ಮಾವ" ಅಂತ ನಾನು.

ನಿಜ ಹೇಳಬೇಕಂದ್ರೆ ನನಗೆ ಅದು ಖುಷಿ ಕೊಡ್ತಿತ್ತು. ಏಳು ಲಕ್ಷದ ಹತ್ತಿರದ ಕ್ಯಾಮೆರಾ ಬಗ್ಗೆ ಹಾಸ್ಟೆಲ್ ಮಂಚದ ಮೇಲೆ ಕೂತು ತೀರ್ಪು ಕೊಡೋದು ಯಾರಿಗೆ ಬೇಡ? ದುಡ್ಡು ನನ್ನದಲ್ಲ. ಸೆಮ್ ಎಂಡ್ ಎಕ್ಸಾಂ ಮುಗಿಯೋ ಹೊತ್ತಿಗೆ ಆ ದುಡ್ಡು ಎಲ್ಲಿಂದ ಬರುತ್ತೆ ಅನ್ನೋದೂ ಗೊತ್ತಾಯ್ತು. ಅತ್ತೆಯ ಎರಡೆಳೆ ಸರ ಅಡ ಇಡೋದು ಅಂತ ಮಾತಾಗಿತ್ತು.

ಜುಲೈಯಲ್ಲಿ ಅತ್ತೆಯ ಫೋನ್. ಅವರು ನನಗೆ ಫೋನ್ ಮಾಡೋದೇ ಅಪರೂಪ. "ಪುಟ್ಟಿ, ನಿಮ್ಮ ಮಾವ ಬೆಳಗ್ಗಿಂದ ಊಟ ಮಾಡಿಲ್ಲ. ಅಟ್ಟ ಸೋರಿ ಎರಡು ಡಬ್ಬಕ್ಕೆ ನೀರು ಹೋಗಿದೆ. ಒಂದು ಪೂರ್ತಿ ಅಂಟ್ಕೊಂಡುಬಿಟ್ಟಿದೆ."

ಆ ಶನಿವಾರ ಊರಿಗೆ ಹೋದೆ. ನೆಗೆಟಿವ್ ಮೇಲಿನ ಜೆಲಾಟಿನ್ ಪದರ ನೆನೆದು, ಕವರ್‌ಗೆ ಕವರ್ ಸೇರಿ ಇಟ್ಟಿಗೆ ಥರ ಆಗಿತ್ತು. ಬಿಡಿಸೋಕೆ ಹೋದ್ರೆ ಮುಖಗಳು ಕಾಗದದ ಜೊತೆ ಕಿತ್ಕೊಂಡು ಬರ್ತಿದ್ದವು. ಉಳಿದ ಡಬ್ಬಗಳನ್ನೂ ತೆರೆದೆವು. ಮೂರರಲ್ಲಿ ಮುಚ್ಚಳ ತೆಗೆದ ಕೂಡಲೇ ವಿನೆಗರ್ ಥರ ಹುಳಿ ವಾಸನೆ. ಮಾವ ಅದು ಹಳೇ ಫಿಲ್ಮ್ ವಾಸನೆ ಅಂತಲೇ ಅಂದ್ಕೊಂಡಿದ್ದರು. ನಾನು ಹುಡುಕಿ ನೋಡಿದೆ. ಫಿಲ್ಮ್‌ನ ತಳಪದರ ಸೆಲ್ಯುಲೋಸ್ ಅಸಿಟೇಟ್. ಸೆಕೆ, ತೇವಕ್ಕೆ ಅದು ಒಡೆದು ಅಸಿಟಿಕ್ ಆಸಿಡ್ ಬಿಡುತ್ತೆ, ಆ ಆಸಿಡ್ ಒಡೆಯೋದನ್ನ ಇನ್ನಷ್ಟು ಜೋರು ಮಾಡುತ್ತೆ. ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲಿ ಪಾಲಿಮರ್ ಪಾಠ ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡಿದ್ದೆ. ಅದೇ ಪಾಠ ತಾತನ ಡಬ್ಬದಲ್ಲಿ ನಡೀತಿತ್ತು.

ನನ್ನ ನಲವತ್ತೆರಡು ಸಾಲುಗಳಲ್ಲಿ "ಎಷ್ಟು ದಿನ ಇದೆ" ಅನ್ನೋ ಸಾಲು ಇರಲಿಲ್ಲ. ಮಾವ ನನಗೆ ಬೈಯಲಿಲ್ಲ. ಅದೇ ಕಷ್ಟ ಆಯ್ತು.

ಅವತ್ತು ರಾತ್ರಿ ಶೀಟ್ ಮುಚ್ಚಿ, ಕಾಗದದ ಮೇಲೆ ಬೇರೆ ಲೆಕ್ಕ ಮಾಡಿದೆ. ನೆಗೆಟಿವ್ 56 ಮಿಲಿಮೀಟರ್. ಜನ ಕೇಳೋದು ಏನು? ಗೋಡೆಗೆ ಹಾಕಿ ಹಾರ ಹಾಕೋಕೆ ಒಂದು ಫೋಟೋ, ಹೆಚ್ಚು ಅಂದ್ರೆ 16×20 ಇಂಚು. ಇಂಚಿಗೆ 300 ಪಿಕ್ಸೆಲ್ ಅಂತ ಹಿಡಿದರೆ ಉದ್ದಕ್ಕೆ 6,000 ಪಿಕ್ಸೆಲ್ ಬೇಕು. 102 ಮೆಗಾಪಿಕ್ಸೆಲ್ ಫೂಜಿಯ ಸೆನ್ಸರ್ 11,648×8,736. ಚೌಕದ ನೆಗೆಟಿವ್‌ಗೆ 8,736 ಸಿಗುತ್ತೆ. ಆದರೆ ಅದರ 120 ಎಂಎಂ ಮ್ಯಾಕ್ರೋ ಲೆನ್ಸ್ ಅರ್ಧದಷ್ಟು ಗಾತ್ರಕ್ಕೆ ಮಾತ್ರ ಹೋಗುತ್ತೆ. 56 ಮಿಲಿಮೀಟರ್ ಸೆನ್ಸರ್ ಮೇಲೆ 28 ಆಗಿ ಬೀಳುತ್ತೆ, 33ನ್ನು ತುಂಬೋದಿಲ್ಲ. ಎಕ್ಸ್‌ಟೆನ್ಷನ್ ಟ್ಯೂಬ್ ಹಾಕದಿದ್ದರೆ ಉಳಿಯೋದು ಸುಮಾರು 7,400.

ಆಮೇಲೆ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಫೂಜಿ 100, ಹ್ಯಾಸೆಲ್‌ಬ್ಲಾಡ್ 100, ಫೇಸ್ ಒನ್ 150, ಮೂರರಲ್ಲೂ ಒಂದು ಪಿಕ್ಸೆಲ್‌ನ ಗಾತ್ರ 3.76 ಮೈಕ್ರಾನ್. 61 ಮೆಗಾಪಿಕ್ಸೆಲ್‌ನ ಸೋನಿ ಎ7ಆರ್ 4 ಫುಲ್ ಫ್ರೇಮ್ ಕ್ಯಾಮೆರಾದಲ್ಲೂ ಅಷ್ಟೇ, 3.76. ಅಂದ್ರೆ ಒಂದೇ ಅಳತೆಯ ಹೆಂಚು, ಹಾಸಿರೋ ಹಜಾರ ಮಾತ್ರ ಚಿಕ್ಕದು ದೊಡ್ಡದು. ಆ 61 ಮೆಗಾಪಿಕ್ಸೆಲ್‌ನ ಎತ್ತರ 6,336 ಪಿಕ್ಸೆಲ್. ನಮಗೆ ಬೇಕಾದ್ದು 6,000.

ಮಾವನಿಗೆ ಹೇಳಿದೆ. ಅವರು ಒಪ್ಪಲಿಲ್ಲ. "ನಂಬರ್ ಬೇರೆ ಪುಟ್ಟಿ, ಮುಖದ ಮೇಲೆ ಬೆಳಕು ಇಳಿಯೋ ರೀತಿ ಬೇರೆ. ಅದು ದೊಡ್ಡ ಫಾರ್ಮ್ಯಾಟ್‌ನಲ್ಲೇ ಬರೋದು." ಮೂವತ್ತು ವರ್ಷ ಈ ಕೆಲಸ ಮಾಡಿದವರು. ನಾನೇನು ಹೇಳಲಿ? "ಹಾಗಾದ್ರೆ ಒಂದು ದಿನ ಬಾಡಿಗೆಗೆ ತಂದು ನೋಡೋಣ" ಅಂದೆ.

ಬೆಂಗಳೂರಲ್ಲಿ ಒಂದು ಜಿಎಫ್‌ಎಕ್ಸ್ 100ಎಸ್ ಬಾಡಿಗೆಗೆ ಸಿಕ್ಕಿತು. ಕಾಲೇಜಿನ ಸೀನಿಯರ್ ಒಬ್ಬರು ತಮ್ಮ 61 ಮೆಗಾಪಿಕ್ಸೆಲ್ ಕ್ಯಾಮೆರಾನ ಭಾನುವಾರಕ್ಕೆ ಕೊಟ್ಟರು. ನಾಲ್ಕು ನೆಗೆಟಿವ್‌ಗಳನ್ನು ಎರಡರಲ್ಲೂ ತೆಗೆದೆವು. ಐದನೇದು ಅಜ್ಜಿಯ ಫೋಟೋ, ಅಡುಗೆಮನೆ ಕಿಟಕಿ ಪಕ್ಕ. ಮಾವ ಫೂಜಿಯ ಸ್ಕ್ರೀನ್ ಮೇಲಕ್ಕೆ ತಿರುಗಿಸಿ, ಕ್ಯಾಮೆರಾ ಹೊಟ್ಟೆ ಹತ್ತಿರ ಹಿಡಿದು, ತಲೆ ಬಗ್ಗಿಸಿ ನೋಡಿದರು. ಅಜ್ಜಿ ನಕ್ಕು "ಥೇಟ್ ನಿಮ್ಮಪ್ಪ ನಿಂತಂಗೆ ನಿಂತಿದ್ದೀಯಲ್ಲೋ" ಅಂದರು. ಅದೇ ಕ್ಷಣ ಕ್ಲಿಕ್ ಆಯ್ತು.

ಐದನ್ನೂ ಎರಡೆರಡು ಪ್ರಿಂಟ್ ಹಾಕಿಸಿ, ಹಿಂದುಗಡೆ ಸಣ್ಣದಾಗಿ ಗುರುತು ಮಾಡಿ, ಮಾವನ ಮುಂದೆ ಜೋಡಿ ಜೋಡಿಯಾಗಿ ಇಟ್ಟೆ. ಅಜ್ಜಿಯ ಫೋಟೋದಲ್ಲಿ ನಗು ಬೇರೆ ಬೇರೆ ಇದ್ದದ್ದರಿಂದ ಎರಡರಲ್ಲೂ ಕೆನ್ನೆ, ಸೆರಗಿನ ಭಾಗ ಮಾತ್ರ ಪ್ರಿಂಟ್ ಹಾಕಿಸಿದ್ದೆ. "ಇದರಲ್ಲಿ ಮೀಡಿಯಂ ಫಾರ್ಮ್ಯಾಟ್ ಯಾವುದು ಹೇಳಿ." ಮಾವ ಕನ್ನಡಕ ಹಾಕಿ, ತೆಗೆದು, ಬಾಗಿಲ ಬೆಳಕಿಗೆ ಹಿಡಿದು, ಅರ್ಧ ಗಂಟೆ ನೋಡಿದರು. ಐದರಲ್ಲಿ ಎರಡು ಸರಿ. ನಾಣ್ಯ ಚಿಮ್ಮಿದ್ರೂ ಅಷ್ಟೇ ಬರುತ್ತೆ.

ಅವರು ಏನೂ ಮಾತಾಡದೆ ಟೀ ಕುಡಿದು ಬರ್ತೀನಿ ಅಂತ ಹೊರಗೆ ಹೋದರು. ನನಗೆ ಗೆದ್ದ ಖುಷಿ ಒಂದು ಚೂರೂ ಇರಲಿಲ್ಲ. ದೊಡ್ಡವರೊಬ್ಬರನ್ನು ಅವರ ಅಂಗಡಿಯಲ್ಲೇ ವೈವಾಗೆ ನಿಲ್ಲಿಸಿ ಫೇಲ್ ಮಾಡಿದ ಹಾಗಾಯ್ತು. ಮೀಡಿಯಂ ಫಾರ್ಮ್ಯಾಟ್ ಸುಮ್ಮನೆ ಅಂತ ನಾನು ಹೇಳ್ತಿಲ್ಲ. ಅಜ್ಜಿಯ ಪೂರ್ತಿ ಫೋಟೋವನ್ನು ಕಂಪ್ಯೂಟರ್‌ನಲ್ಲಿ ಮೂರು ಅಡಿ ಪ್ರಿಂಟ್‌ನ ಅಳತೆಗೆ ದೊಡ್ಡದು ಮಾಡಿ ನೋಡಿದಾಗ ಸೀರೆ ಅಂಚಿನ ಎಳೆಗಳು ಫೂಜಿಯದ್ದರಲ್ಲಿ ಚೆನ್ನಾಗಿ ಬಿಡಿ ಬಿಡಿಯಾಗಿ ಕಾಣ್ತಿದ್ದವು. ಮ್ಯೂಸಿಯಂನವರಿಗೆ, ದೊಡ್ಡ ಹೋರ್ಡಿಂಗ್ ಮಾಡೋರಿಗೆ ಅದು ಬೇಕೇ ಬೇಕು. ನಮ್ಮ ಡಬ್ಬಗಳಿಗೆ ಬೇಕಿದ್ದದ್ದು ಇನ್ನೊಂದು ಮಳೆಗಾಲ ಬರೋದರೊಳಗೆ ಕೆಲಸ ಮುಗಿಯೋದು.

ವಾಪಸ್ ಬಂದ ಮಾವ ಅತ್ತೆ ಕಡೆ ತಿರುಗಿ "ನಿನ್ನ ಸರ ಉಳೀತು ಬಿಡು" ಅಂದರು. ಅತ್ತೆ "ಅದು ಹೋದ್ರೂ ಪರವಾಗಿಲ್ಲ, ಮೊದಲು ಅಟ್ಟಕ್ಕೆ ಶೀಟ್ ಹಾಕ್ಸಿ" ಅಂದರು. ನನ್ನ ಎಕ್ಸೆಲ್ ಶೀಟ್‌ಗಿಂತ ಅದು ಮುಖ್ಯ ಅಂತ ಅವರೊಬ್ಬರಿಗೇ ಮೊದಲಿಂದ ಗೊತ್ತಿತ್ತೇನೋ.

ಕೊನೆಗೆ ಸೆಕೆಂಡ್ ಹ್ಯಾಂಡ್ 61 ಮೆಗಾಪಿಕ್ಸೆಲ್ ಬಾಡಿ, ಒಂದು ಮ್ಯಾಕ್ರೋ ಲೆನ್ಸ್, ಕೆಳಗಿಂದ ಬೆಳಕು ಕೊಡೋಕೆ ಒಂದು ಎಲ್‌ಇಡಿ ಪ್ಯಾನಲ್ ತಗೊಂಡರು. ಕ್ಯಾಮೆರಾ ನೇರ ಕೆಳಗೆ ನೋಡೋ ಹಾಗೆ ನಿಲ್ಲಿಸೋಕೆ ಸ್ಟ್ಯಾಂಡ್ ಬೇಕಿತ್ತು. ಅದಕ್ಕೆ ತಾತನ ಡಾರ್ಕ್‌ರೂಮ್‌ನ ಎನ್‌ಲಾರ್ಜರ್ ಸಿಕ್ಕಿತು. ಮೇಲಿನ ದೀಪದ ಭಾಗ ಬಿಚ್ಚಿ, ಕಂಬಕ್ಕೆ ಕ್ಯಾಮೆರಾ ಕೂರಿಸಿದೆವು. ತಾತ ಅದೇ ಕಂಬದ ಕೆಳಗೆ ಇದೇ ನೆಗೆಟಿವ್‌ಗಳಿಂದ ಪ್ರಿಂಟ್ ಮಾಡ್ತಿದ್ದದ್ದು.

ದಸರಾ ರಜೆಯಲ್ಲಿ ನಾನೂ ಹೋಗಿ ಕೂತೆ. ಹುಳಿ ವಾಸನೆಯ ಮೂರು ಡಬ್ಬಗಳನ್ನು ಬೇರೆ ಇಟ್ಟು ಮೊದಲು ಅವನ್ನೇ ಶುರು ಮಾಡಿದೆವು. ಮಾವ ನೆಗೆಟಿವ್ ಒರೆಸಿ ಇಡೋದು, ನಾನು ಶಟರ್ ಒತ್ತಿ ರಿಜಿಸ್ಟರ್ ನೋಡಿ ನಂಬರ್ ಟೈಪ್ ಮಾಡೋದು. ಇಲ್ಲಿವರೆಗೆ ಐದು ಡಬ್ಬ ಮುಗಿದಿದೆ. ನೊಣವಿನಕೆರೆಯವರ ತಾಯಿಯ ಫೋಟೋ ಹೊಸದಾಗಿ ಮಾಡಿ ಕಳಿಸಿದ್ದೂ ಆಯ್ತು. ಈ ಸಲ ಮೂಗುತಿ ಕೂಡ ಕಾಣುತ್ತೆ. ಅಂಟ್ಕೊಂಡ ಡಬ್ಬವನ್ನು ಮಾವ ಎಸೆದಿಲ್ಲ. ಅದರಲ್ಲಿದ್ದ ನಂಬರ್‌ಗಳನ್ನು ರಿಜಿಸ್ಟರ್‌ನಲ್ಲಿ ಓದಿದೆ. ಬಿಳಿಗೆರೆ, ಹೊನ್ನವಳ್ಳಿ, ಕಿಬ್ಬನಹಳ್ಳಿ. ಅಲ್ಲಿಂದ ಯಾರಾದರೂ ಬಂದು ಕೇಳಿದರೆ ಏನು ಹೇಳೋದು ಅಂತ ನನಗಿನ್ನೂ ಗೊತ್ತಿಲ್ಲ.

ಅಜ್ಜಿ ನಕ್ಕಿದ್ದ ಆ ಫೋಟೋ ಅಂಗಡಿ ಗೋಡೆ ಮೇಲಿದೆ. ಬಂದವರಿಗೆಲ್ಲ ಮಾವ "ಇದು ಮೀಡಿಯಂ ಫಾರ್ಮ್ಯಾಟ್‌ನಲ್ಲಿ ತೆಗೆದದ್ದು, ನೋಡಿದ್ರೆ ಗೊತ್ತಾಗುತ್ತೆ" ಅಂತ ಹೇಳ್ತಾರೆ. ನಾನು ಪಕ್ಕದಲ್ಲಿದ್ದರೆ ಸುಮ್ಮನಿರ್ತೀನಿ.

ಈ ರಜೆಯಲ್ಲಿ ಊರಿಗೆ ಹೋದಾಗ ನಿಮ್ಮನೆ ಬೀರು, ಅಟ್ಟದಲ್ಲಿ ನೆಗೆಟಿವ್ ಇದೆಯಾ ಒಮ್ಮೆ ನೋಡಿ. ಡಬ್ಬ ತೆರೆದಾಗ ಹುಳಿ ವಾಸನೆ ಬಂದರೆ ಯಾವ ಕ್ಯಾಮೆರಾ ಒಳ್ಳೇದು ಅಂತ ಕೂತು ಹುಡುಕಬೇಡಿ. ಕೈಯಲ್ಲಿರೋ ಮೊಬೈಲ್‌ನಲ್ಲೇ, ಕಿಟಕಿ ಬೆಳಕಿಗೆ ಹಿಡಿದು, ಅವತ್ತೇ ಒಂದೊಂದು ಫೋಟೋ ತೆಗೆದಿಡಿ. ಒಳ್ಳೇದು ಆಮೇಲೆ ಮಾಡಬಹುದು.